ಇಂಗ್ಲಿಷ್ ಪದ ಗೊತ್ತು, ವಾಕ್ಯ ಮಾತ್ರ ಕೂರುತ್ತಿಲ್ಲ. ದಾರಿ ಹೇಳಿ

ಪಾಂಡವಪುರದ ಹುಡುಗಿ:

ಎಲ್ಲರಿಗೂ ನಮಸ್ಕಾರ. ನಾನು ಹತ್ತನೇ ಕ್ಲಾಸಿನವರೆಗೂ ಕನ್ನಡ ಮೀಡಿಯಂ. ಮಂಡ್ಯದಲ್ಲಿ ಬಿ.ಕಾಂ. ಮುಗಿಸಿ ಈಗ ಮೈಸೂರಿನಲ್ಲಿ ಒಂದು ಗೋಡೌನ್ ಆಫೀಸಿನಲ್ಲಿದ್ದೇನೆ. ಸ್ಟಾಕ್ ಎಂಟ್ರಿ, ಬಿಲ್, ಲಾರಿ ಬಂದಾಗ ಲೆಕ್ಕ, ಇದೆಲ್ಲ ನನಗೆ ಕಷ್ಟವಿಲ್ಲ. ಸಂಜೆ ಹೆಡ್ ಆಫೀಸಿಗೆ ಒಂದು ಮೇಲ್ ಕಳಿಸಬೇಕು, ಅಲ್ಲಿಗೆ ಬಂದರೆ ಕೈ ಓಡುವುದಿಲ್ಲ.

ಹೋದ ವಾರ ಆದದ್ದು ಹೇಳುತ್ತೇನೆ. ಲಾರಿ ಲೇಟಾಗಿ ಬಂತು. 40 ಬಾಕ್ಸ್ ಇಳಿಸಿದೆವು. ಅದರಲ್ಲಿ ಆರು ಒಡೆದಿದ್ದವು. ಆ ಆರನ್ನು ಅದೇ ಲಾರಿಯಲ್ಲಿ ವಾಪಸ್ ಕಳಿಸಿದೆವು, ಚಲನ್‌ಗೆ ಸಹಿ ಹಾಕಲಿಲ್ಲ. ಇಷ್ಟೇ ವಿಷಯ. ನಾನು ಬರೆದದ್ದು ಹೀಗೆ, ಕನ್ನಡ ಅಕ್ಷರದಲ್ಲೇ ಹಾಕುತ್ತೇನೆ:

"ಯೆಸ್ಟರ್‌ಡೇ ಲಾರಿ ಕಮಿಂಗ್ ಲೇಟ್ ಅಂಡ್ 40 ಬಾಕ್ಸಸ್ ಅನ್‌ಲೋಡಿಂಗ್, ಇನ್ ದಟ್ 6 ಬ್ರೋಕನ್, ಸೋ ನಾಟ್ ಸೈನ್ಡ್ ಅಂಡ್ ರಿಟರ್ನ್ಡ್."

ಅವರು 40 ಬಾಕ್ಸೂ ವಾಪಸ್ ಹೋಯಿತು ಅಂದುಕೊಂಡು ಬಿಲ್ಲನ್ನೇ ರದ್ದು ಮಾಡಿದರು. ಅದನ್ನು ಸರಿ ಮಾಡಿಸಲು ಎರಡು ದಿನ ಫೋನ್ ಹಿಡಿದುಕೊಂಡು ಕೂತೆ. ಮೇಲಿನವರು ಎಲ್ಲರ ಮುಂದೆ "ಒಂದು ಸೆಂಟೆನ್ಸ್ ಬರೆಯೋಕೂ ಬರಲ್ವಾ" ಅಂದರು. ಆವತ್ತು ರಾತ್ರಿ ಊಟ ಸೇರಲಿಲ್ಲ.

ಮಾರನೇ ದಿನವೇ ಒಂದು ಗ್ರಾಮರ್ ಪುಸ್ತಕ ತಂದೆ. ಮೊದಲ ಪಾಠವೇ ವಾಕ್ಯದ ವಿಧಗಳು. ಹೇಳಿಕೆ, ಪ್ರಶ್ನೆ, ಆಜ್ಞೆ, ಉದ್ಗಾರ ಅಂತ ನಾಲ್ಕು. ಆಮೇಲೆ ಸಿಂಪಲ್, ಕಾಂಪೌಂಡ್, ಕಾಂಪ್ಲೆಕ್ಸ್ ಅಂತ ಮೂರು. ಎಲ್ಲ ಬಾಯಿಪಾಠ ಆಗಿದೆ. ಆದರೆ ಮೇಲ್ ಬರೆಯಲು ಕೂತಾಗ ಇದರಲ್ಲಿ ಯಾವುದನ್ನು ಹೇಗೆ ಹಿಡಿಯಬೇಕು ಅಂತ ಗೊತ್ತಾಗುತ್ತಿಲ್ಲ. ಯಾರಾದರೂ ಮೊದಲಿಂದ ಹೇಳಿಕೊಡುತ್ತೀರಾ?

ಮದ್ದೂರು ಮೇಷ್ಟ್ರು:

ನಾನು ಮಂಡ್ಯ ಜಿಲ್ಲೆಯ ಹೈಸ್ಕೂಲುಗಳಲ್ಲಿ 31 ವರ್ಷ ಇಂಗ್ಲಿಷ್ ಹೇಳಿಕೊಟ್ಟು ರಿಟೈರ್ ಆದವನು. ನಿನ್ನ ಮೇಲ್ ಎರಡು ಸಲ ಓದಿದೆ ಕಣಮ್ಮ. ಅದರಲ್ಲಿ ಗೊತ್ತಿಲ್ಲದ ಪದ ಅಂತ ಒಂದೂ ಇಲ್ಲ. ಅದು ಒಳ್ಳೆಯ ಕನ್ನಡ ವಾಕ್ಯ, ಇಂಗ್ಲಿಷ್ ಪದ ಹಾಕಿಕೊಂಡು ನಿಂತಿದೆ.

ನಿನ್ನ ಮನಸ್ಸಿನಲ್ಲಿ ಇದ್ದದ್ದು ಇದು ತಾನೇ: "ನಿನ್ನೆ ಲಾರಿ ಲೇಟಾಗಿ ಬಂದು, 40 ಬಾಕ್ಸ್ ಇಳಿಸಿ, ಅದರಲ್ಲಿ 6 ಒಡೆದಿದ್ದರಿಂದ ಸಹಿ ಹಾಕದೆ ವಾಪಸ್ ಕಳಿಸಿದೆವು." ಬಂದು, ಇಳಿಸಿ, ಹಾಕದೆ. ನಾವು ಎಷ್ಟು ಕೆಲಸ ಬೇಕಾದರೂ ಹೀಗೆ ಹೂವಿನ ಥರ ಪೋಣಿಸಿಕೊಂಡು ಹೋಗುತ್ತೇವೆ, ಕೊನೆಗೆ ಒಂದು "ಕಳಿಸಿದೆವು" ಬಂದರೆ ಗಂಟು ಬಿತ್ತು. ಆ "ಕಳಿಸಿದೆವು" ಅನ್ನುವುದರೊಳಗೇ "ನಾವು" ಕೂತಿದೆ. ಬೇರೆ ಹೇಳಬೇಕಿಲ್ಲ.

ಇಂಗ್ಲಿಷಿನ "ರಿಟರ್ನ್ಡ್" ಒಳಗೆ ಯಾರೂ ಕೂತಿಲ್ಲ. ನಾನು ಕಳಿಸಿದರೂ ಅದೇ, ಅವರು ಕಳಿಸಿದರೂ ಅದೇ. ಹಾಗಾಗಿ ಯಾರು ಅಂತ ನೀನೇ ಬರೆಯಬೇಕು. ಏನನ್ನು ಅಂತಲೂ ಬರೆಯಬೇಕು. ನಿನ್ನ ಮೇಲ್‌ನಲ್ಲಿ "ರಿಟರ್ನ್ಡ್" ಹಿಂದೆ ಯಾರೂ ಇಲ್ಲ, ಮುಂದೆ ಏನೂ ಇಲ್ಲ. ಓದಿದವರು ಅಲ್ಲಿದ್ದ ದೊಡ್ಡ ಸಂಖ್ಯೆಯನ್ನು ಹಿಡಿದುಕೊಂಡರು. ಪೋಣಿಸುವಾಗ "ಬಂದು", "ಇಳಿಸಿ" ಎರಡಕ್ಕೂ "ಇಂಗ್" ಹಚ್ಚಿದ್ದೀಯ. ಹಿಂದೆ "ಈಸ್", "ವಾಸ್" ಥರದ್ದು ಒಂದು ಇಲ್ಲದೆ ಆ "ಇಂಗ್" ಒಂದೇ ವಾಕ್ಯವನ್ನು ಹೊರಲಾರದು.

ಈಗ ಹೀಗೆ ಮಾಡು. ಒಂದು ಚೀಟಿಯಲ್ಲಿ ಕನ್ನಡದಲ್ಲೇ ಬರಿ. "ಬಂದು" ಅನ್ನುವುದನ್ನು "ಬಂತು" ಅಂತ ಮುಗಿಸು. "ಇಳಿಸಿ" ಅನ್ನುವುದನ್ನು "ಇಳಿಸಿದೆವು" ಅಂತ ಮುಗಿಸು. ಒಂದೊಂದು ಮುಗಿದ ಕಡೆಯೂ ಚುಕ್ಕಿ ಇಡು. ನೋಡು, ಇಲ್ಲಿ ನಮಗೆ ವಿಷಯ ಹೇಳುವಾಗ ನೀನೇ ಹಾಗೆ ಬರೆದಿದ್ದೀಯ, "ಲಾರಿ ಲೇಟಾಗಿ ಬಂತು. 40 ಬಾಕ್ಸ್ ಇಳಿಸಿದೆವು" ಅಂತ. ಅದನ್ನು ಹಾಗೇ ಇಂಗ್ಲಿಷಿಗೆ ತಾ:

"ದಿ ಲಾರಿ ಕೇಮ್ ಲೇಟ್ ಯೆಸ್ಟರ್‌ಡೇ. ವಿ ಅನ್‌ಲೋಡೆಡ್ 40 ಬಾಕ್ಸಸ್. ಸಿಕ್ಸ್ ಬಾಕ್ಸಸ್ ವರ್ ಬ್ರೋಕನ್. ವಿ ರಿಟರ್ನ್ಡ್ ದೋಸ್ ಸಿಕ್ಸ್. ವಿ ಕೆಪ್ಟ್ ದಿ ಅದರ್ 34. ವಿ ಹ್ಯಾವ್ ನಾಟ್ ಸೈನ್ಡ್ ದಿ ಚಲನ್."

ಆರು ವಾಕ್ಯ. ಎಲ್ಲವೂ ಹೇಳಿಕೆ, ಎಲ್ಲವೂ ಸಿಂಪಲ್. ಯಾರು, ಏನು ಮಾಡಿದರು, ಏನನ್ನು, ಈ ಸಾಲಿನಲ್ಲೇ ನಿಲ್ಲುತ್ತವೆ. ನಾವು "ನಾವು ಬಾಕ್ಸ್ ಇಳಿಸಿದೆವು" ಅಂದರೆ ಕೆಲಸ ಕೊನೆಗೆ ಬರುತ್ತದೆ. ಅವರಲ್ಲಿ ಕೆಲಸ ಮಧ್ಯಕ್ಕೆ ಬರುತ್ತದೆ. ಒಂದು ತಿಂಗಳು ಇಷ್ಟರಲ್ಲೇ ಬರಿ, ಜಾಸ್ತಿ ಆಸೆ ಪಡಬೇಡ.

ಕೆ.ಆರ್.ಪೇಟೆ ಕಿರಣ:

ಮೇಷ್ಟ್ರೆ, ಕೆಲವು ಕಡೆ "ಯಾರು" ಅಂತ ಹುಡುಕಿದರೆ ಸಿಗುವುದೇ ಇಲ್ಲವಲ್ಲ? "ಮಳೆ ಬರ್ತಿದೆ" ಅನ್ನುವುದಕ್ಕೆ ನನ್ನ ತಮ್ಮ "ರೇನ್ ಈಸ್ ಕಮಿಂಗ್" ಅಂತ ಬರೆದಿದ್ದ. "ನನಗೆ ತಲೆನೋವು" ಅನ್ನುವುದಕ್ಕೆ "ಟು ಮಿ ಹೆಡೇಕ್" ಅಂತ. ಅಲ್ಲಿ ಮಾಡುವವರು ಯಾರು?

ಮದ್ದೂರು ಮೇಷ್ಟ್ರು:

ಬಹಳ ಒಳ್ಳೆಯ ಪ್ರಶ್ನೆ ಕೇಳಿದೆ ಕಿರಣ. ಮಂಡ್ಯದ ಮಕ್ಕಳ ನೋಟ್‌ಬುಕ್ಕಿನಲ್ಲಿ ನಾನು ಜಾಸ್ತಿ ಕೆಂಪು ಗೆರೆ ಎಳೆದದ್ದು ಇಲ್ಲೇ.

ಕನ್ನಡದಲ್ಲಿ ನಮ್ಮೊಳಗೆ ಆಗುವುದನ್ನೆಲ್ಲ "ನನಗೆ" ಅಂತ ಹೇಳುತ್ತೇವೆ. ನನಗೆ ತಲೆನೋವು, ನನಗೆ ಹಸಿವು, ನನಗೆ ಗೊತ್ತು, ನನಗೆ ಕಾಫಿ ಬೇಕು, ನನಗೆ ಇಬ್ಬರು ತಮ್ಮಂದಿರು. ನೋವು ನನ್ನ ಹತ್ತಿರ ಬಂತು, ನಾನೇನೂ ಮಾಡಲಿಲ್ಲ ಅನ್ನುವ ಹಾಗೆ. ಇಂಗ್ಲಿಷ್ ಇದಕ್ಕೆಲ್ಲ "ಐ" ಅಂತಲೇ ಶುರು ಮಾಡುತ್ತದೆ. "ಐ ಹ್ಯಾವ್ ಎ ಹೆಡೇಕ್." "ಐ ಆಮ್ ಹಂಗ್ರಿ." "ಐ ನೋ." "ಐ ವಾಂಟ್ ಕಾಫಿ." "ಐ ಹ್ಯಾವ್ ಟೂ ಬ್ರದರ್ಸ್." ಇಲ್ಲಿ "ಐ ಆಮ್ ಹ್ಯಾವಿಂಗ್" ಬೇಡ, ತಮ್ಮಂದಿರು ಈಗ ನಡೆಯುತ್ತಿರುವ ಕೆಲಸ ಅಲ್ಲ.

ಯಾರೂ ಇಲ್ಲದ ಕಡೆ ಇಂಗ್ಲಿಷ್ ಆ ಜಾಗಕ್ಕೆ "ಇಟ್" ಅಂತ ಒಂದು ಕೂರಿಸುತ್ತದೆ. "ಇಟ್ ಈಸ್ ರೇನಿಂಗ್." "ಇಲ್ಲಿ ಬಸ್ ಇಲ್ಲ" ಅನ್ನುವುದಕ್ಕೆ "ದೇರ್ ಈಸ್ ನೋ ಬಸ್ ಹಿಯರ್." ಜಾಗ ಖಾಲಿ ಬಿಡುವ ಹಾಗಿಲ್ಲ. ಖಾಲಿ ಬಿಡುವುದು ಆಜ್ಞೆಯ ವಾಕ್ಯದಲ್ಲಿ ಮಾತ್ರ. "ಕ್ಲೋಸ್ ದಿ ಡೋರ್" ಅಂದರೆ "ನೀನು" ಅಂತ ಎದುರಿಗಿದ್ದವರಿಗೇ ಗೊತ್ತು. "ಅವರು ಮೇಷ್ಟ್ರು" ಅಂತ ಎರಡೇ ಪದದಲ್ಲಿ ನಾವು ಮುಗಿಸುತ್ತೇವೆ, ಅಲ್ಲೂ ಅವರಿಗೆ "ಈಸ್" ಬೇಕು, "ಹೀ ಈಸ್ ಎ ಟೀಚರ್."

ಅರಮನೆ ಗೈಡ್:

ಕ್ಷಮಿಸಿ, ನಾನು ಸ್ವಲ್ಪ ಬೇರೆ ಮಾತು ಹೇಳುತ್ತೇನೆ. ನಾನು ಓದಿದ್ದು ಏಳನೇ ಕ್ಲಾಸು. ಅರಮನೆ ಹತ್ತಿರ 15 ವರ್ಷದಿಂದ ಟೂರಿಸ್ಟ್‌ಗಳ ಜೊತೆ ಇಂಗ್ಲಿಷ್ ಮಾತಾಡಿಯೇ ಮನೆ ನಡೆಸಿದ್ದೇನೆ. ಸಿಂಪಲ್ಲು, ಕಾಂಪೌಂಡು ಅಂತ ಯಾವತ್ತೂ ಯೋಚನೆ ಮಾಡಿದವನಲ್ಲ. ಈ ಹೆಸರುಗಳನ್ನು ಹಿಡಿದುಕೊಂಡು ಕೂತರೆ ಮಕ್ಕಳಿಗೆ ಭಯ ಜಾಸ್ತಿ ಆಗುತ್ತದೆ. ಮಾತಾಡಿ, ತಪ್ಪಾದರೆ ಆಗಲಿ, ತಾನೇ ಬರುತ್ತದೆ. ಆ ಹುಡುಗಿಗೂ ಅದನ್ನೇ ಹೇಳುತ್ತೇನೆ, ಹೆದರಬೇಡ ತಾಯಿ.

ಸರಸ್ವತಿಪುರಂ ಅಕ್ಕ:

ಅಣ್ಣ, ನೀವು ಹೇಳಿದ್ದರಲ್ಲಿ ಭಯದ ಮಾತು ಪೂರ್ತಿ ನಿಜ. ನಾನು ಅನುವಾದ ಮಾಡಿ ಬದುಕುವವಳು, ನನಗೂ ಶುರುವಿನಲ್ಲಿ ಆ ಭಯ ಇತ್ತು. ಆದರೆ ಮಾತಾಡುವಾಗ ನಿಮ್ಮ ಕೈ ಇರುತ್ತದೆ, ಕಣ್ಣು ಇರುತ್ತದೆ, ಅರಮನೆಯೇ ಎದುರಿಗಿರುತ್ತದೆ. ಅರ್ಥ ಆಗದಿದ್ದರೆ ಅವರು ಮುಖ ಗಂಟು ಹಾಕುತ್ತಾರೆ, ನೀವು ಇನ್ನೊಂದು ಥರ ಹೇಳುತ್ತೀರಿ. ಮೇಲ್ ಓದುವವರ ಮುಖ ಆ ಹುಡುಗಿಗೆ ಕಾಣಲಿಲ್ಲ. ಕಂಡಿದ್ದರೆ ಬಿಲ್ ರದ್ದಾಗುತ್ತಿರಲಿಲ್ಲ.

ನಿಮ್ಮ ಕೆಲಸದ್ದೇ ಒಂದು ವಾಕ್ಯ ತೆಗೆದುಕೊಳ್ಳೋಣ. ಹಳೆಯ ಮರದ ಅರಮನೆ 1897ರಲ್ಲಿ ಸುಟ್ಟುಹೋಯಿತು, ಹೆನ್ರಿ ಇರ್ವಿನ್ ನಕ್ಷೆ ಮಾಡಿದ ಈಗಿನ ಅರಮನೆ 1912ರಲ್ಲಿ ಮುಗಿಯಿತು. ಇದನ್ನು "ಓಲ್ಡ್ ಪ್ಯಾಲೇಸ್ ಫೈರ್ 1897, ನ್ಯೂ ಪ್ಯಾಲೇಸ್ ಬಿಲ್ಟ್ 1912" ಅಂತ ಬಾಯಲ್ಲಿ ಹೇಳಿದರೆ ಎಲ್ಲರಿಗೂ ತಿಳಿಯುತ್ತದೆ. ಬೋರ್ಡಿನ ಮೇಲೆ ಬರೆದರೆ "ಪ್ಯಾಲೇಸ್ ಬಿಲ್ಟ್" ಅನ್ನುವುದು ಅರಮನೆಯೇ ಏನನ್ನೋ ಕಟ್ಟಿತು ಅಂದ ಹಾಗೆ ಕೇಳುತ್ತದೆ. "ವಾಸ್" ಅಂತ ಒಂದು ಪುಟ್ಟ ಪದ ಸೇರಿಸಿದರೆ ಸರಿಹೋಯಿತು: "ದಿ ಓಲ್ಡ್ ಪ್ಯಾಲೇಸ್ ಬರ್ನ್ಟ್ ಡೌನ್ ಇನ್ 1897. ದಿ ಪ್ರೆಸೆಂಟ್ ಪ್ಯಾಲೇಸ್ ವಾಸ್ ಕಂಪ್ಲೀಟೆಡ್ ಇನ್ 1912." ಕಟ್ಟಿದ್ದು, ಕಟ್ಟಿಸಿಕೊಂಡದ್ದು, ಆ ವ್ಯತ್ಯಾಸ ಪೂರ್ತಿ ಆ "ವಾಸ್" ಮೇಲೆ ನಿಂತಿದೆ.

ಇನ್ನು ಪಾಂಡವಪುರದ ತಂಗಿಗೆ. ಮೇಷ್ಟ್ರು ಹೇಳಿದ ಬಿಡಿ ವಾಕ್ಯ ಕೈಗೆ ಕೂತ ಮೇಲೆ ಸೇರಿಸುವುದು ಕಲಿಯಬೇಕು. ಆರೂ ವಾಕ್ಯ ಗಿಡ್ಡಗಿದ್ದರೆ ಓದಲು ಎಳಸು ಅನ್ನಿಸುತ್ತದೆ ಅಷ್ಟೇ, ಅರ್ಥ ಕೆಡುವುದಿಲ್ಲ, ಹಾಗಾಗಿ ಅವಸರ ಬೇಡ. ಎರಡು ಸಮಸಮ ವಾಕ್ಯಗಳನ್ನು "ಅಂಡ್", "ಬಟ್", "ಆರ್", "ಸೋ" ಇವುಗಳಿಂದ ಕಟ್ಟಿದರೆ ಕಾಂಪೌಂಡ್. "ವಿ ರಿಟರ್ನ್ಡ್ ಸಿಕ್ಸ್ ಬಾಕ್ಸಸ್, ಬಟ್ ವಿ ಕೆಪ್ಟ್ ದಿ ಅದರ್ 34." ಎರಡು ಕಡೆಯೂ "ವಿ" ಇದೆ, ಎರಡು ಕಡೆಯೂ ಕೆಲಸ ಇದೆ, ಎತ್ತಿನ ಜೋಡಿ ಥರ. ಬರೀ ಕಾಮಾ ಹಾಕಿ ಎರಡು ವಾಕ್ಯ ಅಂಟಿಸಬೇಡ, ಕಾಮಾಗೆ ಅಷ್ಟು ಶಕ್ತಿ ಇಲ್ಲ.

ಒಂದು ವಾಕ್ಯ ಇನ್ನೊಂದರ ಮೇಲೆ ಒರಗಿಕೊಂಡಿದ್ದರೆ ಕಾಂಪ್ಲೆಕ್ಸ್. "ವಿ ರಿಟರ್ನ್ಡ್ ಸಿಕ್ಸ್ ಬಾಕ್ಸಸ್ ಬಿಕಾಸ್ ದೇ ವರ್ ಬ್ರೋಕನ್." ನಾವು "ಒಡೆದಿದ್ದರಿಂದ" ಅಂತ ಕಾರಣ ಮೊದಲು ಹೇಳುತ್ತೇವೆ, ಅವರು ಕೆಲಸ ಮೊದಲು ಹೇಳಿ ಆಮೇಲೆ ಕಾರಣ ಕೊಡುವುದು ಜಾಸ್ತಿ. "ಬಿಕಾಸ್" ಭಾಗವನ್ನು ಒಂದೇ ಬಿಟ್ಟು ಚುಕ್ಕಿ ಇಟ್ಟರೆ ಅದು ಬಿದ್ದುಹೋಗುತ್ತದೆ, ಒರಗಿಕೊಳ್ಳಲು ಗೋಡೆ ಇರುವುದಿಲ್ಲ. ಇನ್ನೊಂದು, "ಮಳೆ ಬಂದರೂ ಲಾರಿ ಬಂತು" ಅನ್ನುವುದಕ್ಕೆ "ಆಲ್‌ದೋ ಇಟ್ ರೇನ್ಡ್, ಬಟ್ ದಿ ಲಾರಿ ಕೇಮ್" ಅಂತ ಎರಡೆರಡು ಗಂಟು ಹಾಕುತ್ತೇವೆ. ಒಂದು ಸಾಕು.

ಅರಮನೆ ಗೈಡ್:

ಒಪ್ಪಿದೆ ಅಕ್ಕ. ಆ "ವಾಸ್" ವಿಷಯ ನನಗೆ ಇಷ್ಟು ವರ್ಷ ಯಾರೂ ಹೇಳಿರಲಿಲ್ಲ. ನನ್ನ ಮಗನಿಗೆ ಒಂದು ಪ್ರಶ್ನೆ ಇದೆ, ಪಿಯುಸಿ ಓದುತ್ತಿದ್ದಾನೆ. "ಡಿಡ್ ಹೀ ಕೇಮ್", "ಡಿಡ್ ನಾಟ್ ವೆಂಟ್" ಅಂತಲೇ ಬರೆಯುತ್ತಾನೆ. ನಿನ್ನೆಯ ಮಾತು ತಾನೇ ಅಪ್ಪ, ಕೇಮ್ ಅಂದರೆ ಏನು ತಪ್ಪು ಅನ್ನುತ್ತಾನೆ. ನನ್ನ ಹತ್ತಿರ ಉತ್ತರ ಇಲ್ಲ.

ಮದ್ದೂರು ಮೇಷ್ಟ್ರು:

ಅವನಿಗೆ ಕನ್ನಡದಲ್ಲೇ ತೋರಿಸಿ. "ಬಂದ" ಅನ್ನುವುದನ್ನು ಇಲ್ಲ ಅಂತ ಹೇಳಬೇಕಾದರೆ ನಾವು "ಬಂದಲಿಲ್ಲ" ಅನ್ನುತ್ತೇವಾ? "ಬರಲಿಲ್ಲ" ಅನ್ನುತ್ತೇವೆ. ನಿನ್ನೆಯ ಮಾತೇ ಆದರೂ "ಬಂದ" ಹೋಗಿ "ಬರ" ಬಂತು. ಇಂಗ್ಲಿಷಿನಲ್ಲೂ ಅದೇ ಆಗುವುದು. "ಡಿಡ್" ಬಂದು ಕಾಲವನ್ನು ಹೊತ್ತುಕೊಂಡ ಮೇಲೆ "ಕೇಮ್" ಹೋಗಿ "ಕಮ್" ಆಗುತ್ತದೆ. "ಹೀ ಡಿಡ್ ನಾಟ್ ಕಮ್." ಬರಲಿಲ್ಲ.

"ಬಂದಿಲ್ಲ" ಅಂತ ಇನ್ನೊಂದಿದೆ. ಅದು "ಹೀ ಹ್ಯಾಸ್ ನಾಟ್ ಕಮ್." ಇನ್ನೂ ಕಾಯುತ್ತಿದ್ದೇವೆ ಅನ್ನುವ ಭಾವ ಎರಡರಲ್ಲೂ ಇದೆ. "ಬರುವುದಿಲ್ಲ" ಅಂದರೆ, ಅದು ಅವನ ರೂಢಿಯಾಗಿದ್ದರೆ, "ಹೀ ಡಸ್ ನಾಟ್ ಕಮ್." ಮೂರನ್ನೂ ಪಕ್ಕಪಕ್ಕ ಬರೆದು ಗೋಡೆಗೆ ಅಂಟಿಸಲಿ.

ಪ್ರಶ್ನೆಗೂ ಇದೇ ದಾರಿ. ನಾವು "ಬಂದರು" ಅನ್ನುವುದಕ್ಕೆ ಬಾಲದಲ್ಲಿ ಒಂದು "ಆ" ಸೇರಿಸಿ "ಬಂದರಾ?" ಅಂತ ಕೇಳಿಬಿಡುತ್ತೇವೆ. ಇಂಗ್ಲಿಷಿನಲ್ಲಿ ಬಾಲಕ್ಕೆ ಏನೂ ಸೇರುವುದಿಲ್ಲ, ತಲೆಯ ಕಡೆ ಬದಲಾಗುತ್ತದೆ. "ದಿ ಲಾರಿ ಈಸ್ ಹಿಯರ್" ಅನ್ನುವುದು "ಈಸ್ ದಿ ಲಾರಿ ಹಿಯರ್?" ಆಗುತ್ತದೆ. ಎತ್ತಿ ಮುಂದಿಡಲು "ಈಸ್", "ಕ್ಯಾನ್", "ವಿಲ್" ಥರದ್ದು ಯಾವುದೂ ಇಲ್ಲದಿದ್ದರೆ "ಡು", "ಡಸ್", "ಡಿಡ್" ತಂದು ಇಡಬೇಕು. ಆದರೆ ಪ್ರಶ್ನೆ ಇನ್ನೊಂದು ವಾಕ್ಯದ ಹೊಟ್ಟೆಯೊಳಗೆ ಹೋದರೆ ಮತ್ತೆ ಸಾದಾ ಸಾಲಿಗೆ ಬರುತ್ತದೆ. "ವೇರ್ ಈಸ್ ಹೀ?" ಸರಿ. "ಅವನು ಎಲ್ಲಿದ್ದಾನೆ ಅಂತ ಗೊತ್ತಿಲ್ಲ" ಅನ್ನುವುದಕ್ಕೆ "ಐ ಡೋಂಟ್ ನೋ ವೇರ್ ಹೀ ಈಸ್."

ಶ್ರೀರಂಗಪಟ್ಟಣದ ಅಪ್ಪ:

ನಾವು ಮನೆಯಲ್ಲಿ ಮಾಡುವುದು ಹೇಳುತ್ತೇನೆ, ಯಾರಿಗಾದರೂ ಆಗಬಹುದು. ಮಳೆಗಾಲದಲ್ಲಿ ಪೇಪರಿನಲ್ಲಿ ದಿನಾ ಕೆ.ಆರ್.ಎಸ್. ಮಟ್ಟ ಹಾಕುತ್ತಾರಲ್ಲ, ಗರಿಷ್ಠ ಮಟ್ಟ 124.80 ಅಡಿ, ಇಂದಿನ ಮಟ್ಟ ಇಷ್ಟು, ಒಳಹರಿವು ಇಷ್ಟು, ಹೊರಹರಿವು ಇಷ್ಟು ಅಂತ. ನಾವು ರೈತರು, ಅದನ್ನು ನೋಡದೆ ಕಾಫಿ ಕುಡಿಯುವುದಿಲ್ಲ. ಮಗಳು ಆ ನಾಲ್ಕು ಸಾಲು ಓದಿ ಇಂಗ್ಲಿಷಿನಲ್ಲಿ ನಾಲ್ಕು ಥರದ ವಾಕ್ಯ ಬರೆಯುತ್ತಾಳೆ. "ದಿ ಡ್ಯಾಮ್ ಈಸ್ ನಾಟ್ ಫುಲ್." "ವಿಲ್ ವಿ ಗೆಟ್ ವಾಟರ್ ಫಾರ್ ದಿ ಪ್ಯಾಡಿ?" "ಡೋಂಟ್ ಗೋ ನಿಯರ್ ದಿ ರಿವರ್." ಹೋದ ವಾರ ಒಂದೇ ರಾತ್ರಿ ಮೂರು ಅಡಿ ಏರಿದ ದಿನ "ವಾಟ್ ಎ ರೈನ್!" ಅಂತ ಬರೆದಿದ್ದಳು. ಹೇಳಿಕೆ, ಪ್ರಶ್ನೆ, ಆಜ್ಞೆ, ಉದ್ಗಾರ, ನಾಲ್ಕೂ ಬಂತು. ವಿಷಯ ನಮ್ಮದೇ ಆದ್ದರಿಂದ ಏನು ಬರೆಯಲಿ ಅಂತ ಯೋಚನೆ ಮಾಡಬೇಕಿಲ್ಲ, ಹೇಗೆ ಬರೆಯಲಿ ಅಂತ ಮಾತ್ರ.

ಸರಸ್ವತಿಪುರಂ ಅಕ್ಕ:

ಎಷ್ಟು ಚೆನ್ನಾಗಿದೆ ಇದು. ಮಗಳಿಗೆ ನನ್ನ ಶಾಬಾಸ್ ಹೇಳಿ.

ಆಜ್ಞೆ ಅಂದಾಗ ನೆನಪಾಯಿತು. ನಮಗೆ "ಬಾ" ಇದೆ, "ಬನ್ನಿ" ಇದೆ, ಮರ್ಯಾದೆ ಕ್ರಿಯಾಪದದಲ್ಲೇ ಇದೆ. ಇಂಗ್ಲಿಷಿನಲ್ಲಿ ಎರಡಕ್ಕೂ "ಕಮ್". ಹಾಗಾಗಿ "ಬಿಲ್ ಕಳಿಸಿ ಸರ್" ಅಂತ ಮರ್ಯಾದೆಯಿಂದಲೇ ಅಂದುಕೊಂಡು "ಸೆಂಡ್ ದಿ ಬಿಲ್" ಅಂತ ಬರೆದರೆ ಅಲ್ಲಿ "ಬಿಲ್ ಕಳಿಸು" ಅಂತ ಕೇಳಿಸುತ್ತದೆ. ಮೇಲಿನವರಿಗೆ ಬರೆಯುವಾಗ ಅದನ್ನು ಪ್ರಶ್ನೆ ಮಾಡಿ: "ಕುಡ್ ಯು ಪ್ಲೀಸ್ ಸೆಂಡ್ ದಿ ಬಿಲ್?" ರೂಪ ಪ್ರಶ್ನೆಯದು, ಕೆಲಸ ವಿನಂತಿಯದು. ಕಚೇರಿಗಳಲ್ಲಿ "ಕೈಂಡ್ಲಿ ಡು ದಿ ನೀಡ್‌ಫುಲ್" ಅಂತ ಬರೆದು ಮುಗಿಸುತ್ತಾರೆ. ಏನು ಮಾಡಬೇಕು ಅಂತ ಓದುವವರು ಊಹಿಸಬೇಕು. ಬದಲಿ ಬಾಕ್ಸ್ ಬೇಕಾದರೆ ಬದಲಿ ಬಾಕ್ಸ್ ಅಂತಲೇ ಬರಿ ತಂಗಿ.

ಫೋನಿನ ಅನುವಾದದ ಆ್ಯಪ್ ಬಗ್ಗೆಯೂ ಒಂದು ಎಚ್ಚರ. "ನಿನ್ನೆ ಬಂದಿದ್ದರು" ಅಂತ ಹಾಕಿದರೆ ನನಗೆ "ದೇ" ಅಂತ ಬಂತು. ಬಂದಿದ್ದವರು ಒಬ್ಬರೇ ಮ್ಯಾನೇಜರು, ಮರ್ಯಾದೆಗೆ "ಬಂದಿದ್ದರು" ಅಂದದ್ದು. ಯಾರು ಅಂತ ಕನ್ನಡದಲ್ಲೇ ಬಿಡಿಸಿ ಬರೆದು ಕೊಟ್ಟರೆ ಆ್ಯಪ್ ಕೂಡ ಅಷ್ಟಾಗಿ ತಪ್ಪುವುದಿಲ್ಲ.

ಪಾಂಡವಪುರದ ಹುಡುಗಿ:

ಎಲ್ಲರಿಗೂ ಕೈ ಮುಗಿಯುತ್ತೇನೆ. ನಾಲ್ಕು ದಿನದಿಂದ ಚೀಟಿ ಇಟ್ಟುಕೊಂಡು ಬರೆಯುತ್ತಿದ್ದೇನೆ, ಮೊದಲು ಕನ್ನಡ, ಆಮೇಲೆ ಇಂಗ್ಲಿಷ್. "ಬಂದು", "ಇಳಿಸಿ" ಕಂಡ ಕಡೆಯಲ್ಲೆಲ್ಲ ಪೆನ್ಸಿಲ್ಲಿನಿಂದ ಗೆರೆ ಎಳೆದು ಮುರಿಯುತ್ತೇನೆ. ಮೊದಲ ದಿನ ಒಂದು ಮೇಲ್‌ಗೆ ಮುಕ್ಕಾಲು ಗಂಟೆ ಹಿಡಿಯಿತು. ಇವತ್ತು ಹತ್ತು ನಿಮಿಷ.

ಇವತ್ತು ಕಳಿಸಿದ್ದು: "ಸಿಕ್ಸ್ ಬಾಕ್ಸಸ್ ವರ್ ಬ್ರೋಕನ್, ಸೋ ವಿ ರಿಟರ್ನ್ಡ್ ದೆಮ್ ಲಾಸ್ಟ್ ವೀಕ್. ವಿ ಹ್ಯಾವ್ ನಾಟ್ ರಿಸೀವ್ಡ್ ನ್ಯೂ ಬಾಕ್ಸಸ್. ಕುಡ್ ಯು ಪ್ಲೀಸ್ ಸೆಂಡ್ ಸಿಕ್ಸ್ ಬಾಕ್ಸಸ್ ದಿಸ್ ವೀಕ್?" ಅರ್ಧ ಗಂಟೆಯಲ್ಲಿ ಉತ್ತರ ಬಂತು, ಗುರುವಾರ ಆರು ಬಾಕ್ಸ್ ಕಳಿಸುತ್ತೇವೆ ಅಂತ. ಫೋನ್ ಮಾಡಿ ಏನಮ್ಮ ಇದು ಅಂತ ಯಾರೂ ಕೇಳಲಿಲ್ಲ.

ಈಗ ಒಂದು ಅನುಮಾನ. "ಬಾಕ್ಸ್ ಬಂದ ಮೇಲೆ ಚಲನ್‌ಗೆ ಸಹಿ ಹಾಕುತ್ತೇವೆ" ಅಂತ ತಿಳಿಸಬೇಕು. ಬರುವುದು ಗುರುವಾರ, ಮುಂದಿನ ಮಾತು. "ಆಫ್ಟರ್ ದಿ ಬಾಕ್ಸಸ್ ವಿಲ್ ಕಮ್, ವಿ ವಿಲ್ ಸೈನ್ ದಿ ಚಲನ್" ಅಂತ ಬರೆದಿದ್ದೇನೆ. ಇನ್ನೂ ಕಳಿಸಿಲ್ಲ. ಸರಿ ಇದೆಯಾ ಮೇಷ್ಟ್ರೆ?

ಮದ್ದೂರು ಮೇಷ್ಟ್ರು:

ಮೊದಲನೆಯ "ವಿಲ್" ತೆಗೆ. "ಆಫ್ಟರ್", "ವೆನ್", "ಇಫ್" ಇವುಗಳ ಜೊತೆ ಮುಂದಿನ ಮಾತಿಗೂ "ವಿಲ್" ಸೇರುವುದಿಲ್ಲ. ನಾವು ಗುರುವಾರ ಬರುವ ಬಾಕ್ಸಿಗೆ "ಬರುವ ಮೇಲೆ" ಅನ್ನದೆ "ಬಂದ ಮೇಲೆ" ಅನ್ನುತ್ತೇವಲ್ಲ, ಹಾಗೆ ಅವರದ್ದೂ ಒಂದು ರೂಢಿ. "ಆಫ್ಟರ್ ದಿ ಬಾಕ್ಸಸ್ ಕಮ್, ವಿ ವಿಲ್ ಸೈನ್ ದಿ ಚಲನ್." ಎರಡನೆಯ "ವಿಲ್" ಇರಲಿ. ಕಾಮಾ ಸರಿಯಾದ ಜಾಗದಲ್ಲಿ ಹಾಕಿದ್ದೀಯ.

ಪಾಂಡವಪುರದ ಹುಡುಗಿ:

ತೆಗೆದೆ ಮೇಷ್ಟ್ರೆ. ಕಳಿಸಿದೆ.